ಮೆಲೊಟ್ರಾನ್ ಇರುವ ಪ್ರೋಗ್ ಆಲ್ಬಮ್‌ಗಳು: ಯಾವುದರಿಂದ ಶುರು ಮಾಡಬೇಕು, ಯಾವುದಕ್ಕೆ ಅವಸರವಿಲ್ಲ

ಒಂದು ತಿಂಗಳಿಂದ ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮೆಲೊಟ್ರಾನ್ ಇರುವ ಆಲ್ಬಮ್‌ಗಳನ್ನೇ ಕೇಳುತ್ತಿದ್ದೇನೆ. ಕೆಲವು ನನಗೆ ಮೊದಲೇ ಬಾಯಿಪಾಠ. ಕೆಲವನ್ನು ಎಷ್ಟೋ ವರ್ಷದ ಹಿಂದೆ ಒಮ್ಮೆ ಕೇಳಿ ಬದಿಗಿಟ್ಟಿದ್ದೆ. ಈಗ ಎಲ್ಲವನ್ನೂ ಒಂದರ ಹಿಂದೆ ಒಂದು ಕೇಳಿದಾಗ ನನ್ನ ಅಭಿಪ್ರಾಯ ಸುಮಾರು ಬದಲಾಗಿದೆ. ಪ್ರೋಗ್ರೆಸಿವ್ ರಾಕ್ (ಚಿಕ್ಕದಾಗಿ ಪ್ರೋಗ್) ಅಂದರೆ ಉದ್ದುದ್ದ ಹಾಡು, ತಲೆ ತಿರುಗಿಸುವ ತಾಳ ಅಂತ ದೂರ ನಿಂತವರು ಕೂಡ ಈ ಒಂದು ವಾದ್ಯದ ಬೆನ್ನು ಹಿಡಿದರೆ ಒಳಗೆ ಬರಬಹುದು ಅಂತ ಗಟ್ಟಿಯಾಗಿ ಅನ್ನಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಮೆಲೊಟ್ರಾನ್ ಹೊರಗಿನಿಂದ ಒಂದು ಆರ್ಗನ್ ತರಹ ಕಾಣುತ್ತದೆ. ಒಳಗಿರುವುದು ಟೇಪ್. ಪ್ರತಿ ಕೀಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯ ಮೇಲೆ ಯಾರೋ ಪಿಟೀಲು ನುಡಿಸಿದ, ಕೊಳಲು ಊದಿದ, ಇಲ್ಲವೇ ಬಾಯಿ ತೆರೆದು ಹಾಡಿದ ಒಂದೇ ಒಂದು ಸ್ವರ ಇರುತ್ತದೆ. ಕೀ ಒತ್ತಿದರೆ ಟೇಪು ಅದರ ಸದ್ದು ಓದುವ ಹೆಡ್‌ಗೆ ತಾಗಿ ಓಡುತ್ತದೆ. ಬೆರಳು ತೆಗೆದರೆ ಸ್ಪ್ರಿಂಗ್ ಅದನ್ನು ಎಳೆದು ಮೊದಲಿನ ಜಾಗಕ್ಕೆ ತರುತ್ತದೆ. ಟೇಪು ಓಡುವುದು ಸುಮಾರು 8 ಸೆಕೆಂಡು, ಅಷ್ಟೇ. ಆಮೇಲೆ ನೀವು ಎಷ್ಟು ಗಟ್ಟಿಯಾಗಿ ಒತ್ತಿಕೊಂಡಿದ್ದರೂ ಸ್ವರ ನಿಂತುಹೋಗುತ್ತದೆ. ಟೇಪಿನ ಎರಡು ತುದಿ ಅಂಟಿಸಿ ಕೊನೆಯಿಲ್ಲದೆ ಸುತ್ತುವಂತೆ ಮಾಡಬಹುದಿತ್ತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿದ್ದರೆ ಸ್ವರದ ಶುರು ಕಳೆದುಹೋಗುತ್ತಿತ್ತು. ಕಮಾನು ತಂತಿಗೆ ತಾಗುವ ಕ್ಷಣ, ಕೊಳಲಿಗೆ ಗಾಳಿ ಹೊಗುವಾಗಿನ ಸಣ್ಣ ಸದ್ದು, ಇವೆಲ್ಲ ಪ್ರತಿ ಸಲ ಕೇಳಬೇಕಾದರೆ ಪಟ್ಟಿ ಪ್ರತಿ ಸಲ ಮೊದಲಿನಿಂದಲೇ ಓಡಬೇಕು.

ಈ ಯೋಚನೆ ಮೊದಲು ಬಂದದ್ದು ಅಮೆರಿಕದ ಹ್ಯಾರಿ ಚೇಂಬರ್ಲಿನ್‌ಗೆ. ಅವರ ವಾದ್ಯ ಇಂಗ್ಲೆಂಡಿಗೆ ಬಂದು, ಬರ್ಮಿಂಗ್‌ಹ್ಯಾಮ್‌ನ ಬ್ರಾಡ್ಲಿ ಸಹೋದರರ ಕೈಯಲ್ಲಿ 1963ರಲ್ಲಿ ಮೆಲೊಟ್ರಾನ್ ಆಯಿತು. ಮರುವರ್ಷ ಬಂದ ಮಾರ್ಕ್ ಟು ಮಾದರಿಯಲ್ಲಿ ಅಕ್ಕಪಕ್ಕ ಎರಡು ಕೀಬೋರ್ಡ್. ಎಡಗಡೆ ಒತ್ತಿದರೆ ತಾಳ, ಪಕ್ಕವಾದ್ಯ. ಬಲಗಡೆ ರಾಗ ನುಡಿಸುವ ಸ್ವರಗಳು. ಮನೆಯ ಹಜಾರದಲ್ಲಿ ಒಬ್ಬರೇ ಕೂತು ಇಡೀ ವಾದ್ಯವೃಂದ ನುಡಿಸಲಿ ಅನ್ನುವುದು ಮೂಲ ಉದ್ದೇಶ. ತಮ್ಮ ಕೆಲಸ ಹೋಗುತ್ತದೆ ಅಂತ ಬ್ರಿಟನ್ನಿನ ಸಂಗೀತಗಾರರ ಸಂಘ ಇದನ್ನು ವಿರೋಧಿಸಿತ್ತು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಕೇಳಿದವರಿಗೆ ಗೊತ್ತು, ಇದು ಯಾವತ್ತೂ ನಿಜವಾದ ಪಿಟೀಲಿನಂತೆ ಕೇಳಿಸಲೇ ಇಲ್ಲ. ಒಟ್ಟಿಗೆ ಹಲವು ಕೀ ಒತ್ತಿದರೆ ಮೋಟಾರಿಗೆ ಭಾರ ಜಾಸ್ತಿಯಾಗಿ ಶ್ರುತಿ ಕೆಳಗೆ ಜಾರುತ್ತದೆ. ಕೀ ಮೆಲ್ಲಗೆ ಒತ್ತಿದರೆ ಸ್ವರ ಮಂಕಾಗುತ್ತದೆ. ಪಟ್ಟಿ ಪೂರ್ತಿ ಹಿಂದಕ್ಕೆ ಬರುವ ಮೊದಲೇ ಮತ್ತೆ ಒತ್ತಿದರೆ ಸ್ವರ ಅರ್ಧದಿಂದ ಶುರುವಾಗುತ್ತದೆ. ಹೀಗೆ ನಡುಗುವ, ಜಾರುವ, ದೂರದಿಂದ ಬಂದಂತಿರುವ ಈ ಸದ್ದಿಗೆ ಹೆಸರಿಡಲು ನನಗೆ ಬರುವುದಿಲ್ಲ, ಆದರೆ ಎರಡು ಸೆಕೆಂಡು ಕೇಳಿದರೆ ಸಾಕು, ಅದೇ ಅಂತ ಗೊತ್ತಾಗುತ್ತದೆ.

ಈ ವಾದ್ಯ ಹೆಚ್ಚು ಹೊತ್ತು ನುಡಿದ ಆಲ್ಬಮ್ಮೇ ಒಳ್ಳೆಯದು ಅಂತ ನಾನೂ ಮೊದಲು ನಂಬಿದ್ದೆ. ಈಗ ಕೇಳುವುದು ಎರಡೇ ವಿಷಯ. ಅದು ಯಾವಾಗ ಬರುತ್ತದೆ? ಬಂದ ಮೇಲೆ ಯಾವಾಗ ಸುಮ್ಮನಾಗುತ್ತದೆ? 8 ಸೆಕೆಂಡಿಗೆ ಉಸಿರು ಮುಗಿಯುವ ವಾದ್ಯವನ್ನು ಆ ಉಸಿರಿನ ಲೆಕ್ಕ ಇಟ್ಟುಕೊಂಡು ನುಡಿಸಿದ ತಂಡಗಳೇ ಗೆದ್ದಿವೆ.

ಕಿಂಗ್ ಕ್ರಿಮ್ಸನ್ ತಂಡದ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ಎಲ್ಲರೂ ಮೊದಲು ಹೇಳುವ ಆಲ್ಬಮ್. ನಾನೂ ಅದನ್ನೇ ಹೇಳುತ್ತೇನೆ, ಬೇರೆ ದಾರಿಯಿಲ್ಲ. 1969ರ ಅಕ್ಟೋಬರ್‌ನಲ್ಲಿ ಬಂದದ್ದು. ಬ್ಯಾರಿ ಗಾಡ್ಬರ್ ಬಿಡಿಸಿದ ಆ ಕಿರುಚುವ ಕೆಂಪು ಮುಖವನ್ನು ಹಾಡು ಕೇಳದವರೂ ನೋಡಿರುತ್ತಾರೆ. ಗಮನಿಸಬೇಕಾದದ್ದು ಏನಂದರೆ, ಮೊದಲ ಹಾಡಿನಲ್ಲಿ ಗಿಟಾರ್, ಸ್ಯಾಕ್ಸೊಫೋನ್ ಎರಡೂ ಸೇರಿ ಎದೆಗೆ ಗುದ್ದುತ್ತವೆ, ಎರಡನೆಯದರಲ್ಲಿ ನಿಜವಾದ ಕೊಳಲು ಮೆಲ್ಲಗೆ ತಂಪು ಮಾಡುತ್ತದೆ, ಅಲ್ಲಿಯವರೆಗೂ ಮೆಲೊಟ್ರಾನ್ ಇಲ್ಲ. ಅದು ಬರುವುದು ಮೂರನೆಯದಾದ 'ಎಪಿಟಾಫ್'ನಲ್ಲಿ. ಹೀಗೆ ಕಾಯಿಸಿ ತಂದದ್ದರಿಂದ ಬಂದ ಕೂಡಲೇ ಇಡೀ ಕೋಣೆ ದೊಡ್ಡದಾದಂತೆ ಆಗುತ್ತದೆ. ನುಡಿಸಿದವರು ಇಯನ್ ಮೆಕ್‌ಡೊನಾಲ್ಡ್. ಸ್ಯಾಕ್ಸೊಫೋನ್, ಕೊಳಲು ನುಡಿಸುವವರೂ ಅವರೇ. ಗಾಳಿ ವಾದ್ಯ ನುಡಿಸುವವರಿಗೆ ಉಸಿರು ಎಲ್ಲಿ ಮುಗಿಯುತ್ತದೆ ಅನ್ನುವುದು ಮೈಯಲ್ಲೇ ಗೊತ್ತಿರುತ್ತದೆ, ಅಲ್ವಾ? ಅವರು ಮೆಲೊಟ್ರಾನ್ ನುಡಿಸುವ ರೀತಿಯಲ್ಲಿ ನನಗೆ ಅದೇ ಕೇಳಿಸುತ್ತದೆ. ಗ್ರೆಗ್ ಲೇಕ್ ಹಾಡುವಾಗ ಅದು ಹಿಂದೆ ಸರಿದು ನಿಲ್ಲುತ್ತದೆ. ಅವರ ಸಾಲು ಮುಗಿದ ಕೂಡಲೇ ಅಲೆಯಂತೆ ಎದ್ದು ಬಂದು, ತುಂಬಿ, ಮತ್ತೆ ಜಾಗ ಬಿಡುತ್ತದೆ.

ಕೊನೆಯ ಹಾಡು ಆಲ್ಬಮ್ಮಿನ ಹೆಸರಿನದೇ. ಅಲ್ಲಿ ಮೆಲೊಟ್ರಾನ್ ಹಿನ್ನೆಲೆಯಲ್ಲ, ಅದೇ ಹಾಡಿನ ಬೆನ್ನೆಲುಬು. ಪಲ್ಲವಿಯ ಆ ದೊಡ್ಡ ರಾಗವನ್ನು ಹಿಡಿದೆತ್ತುವುದೇ ಅದು. ಹಾಡು ಮುಗಿಯಿತು ಅಂದುಕೊಂಡು ನೀವು ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಆಟಿಕೆಯಂಥ ಸಣ್ಣ ಸದ್ದಿನಲ್ಲಿ ಅದೇ ರಾಗ ಒಮ್ಮೆ ಇಣುಕುತ್ತದೆ. ಆಮೇಲೆ ಎಲ್ಲವೂ ಮತ್ತೆ ಒಟ್ಟಿಗೆ ಏರಿ ಬಂದು ಕತ್ತರಿಸಿದಂತೆ ನಿಲ್ಲುತ್ತದೆ. ಮೊದಲ ಸಲ ಕೇಳಿದಾಗ ಆ ಕೊನೆಯ ನಿಶ್ಶಬ್ದದಲ್ಲಿ ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿದ್ದು ಈಗಲೂ ನೆನಪಿದೆ. ಆಲ್ಬಮ್ಮಿನಲ್ಲಿ ಸೊರಗಿದ ಜಾಗ ಒಂದೇ, 'ಮೂನ್‌ಚೈಲ್ಡ್'. ಮೊದಲ ಕೆಲವು ನಿಮಿಷ ಬಹಳ ಚೆಂದ. ಆಮೇಲೆ ಹನಿಹನಿಯಾಗಿ ಬೀಳುವ ಸದ್ದುಗಳು ನಿಮಿಷಗಟ್ಟಲೆ ಸಾಗುತ್ತವೆ. ನಾನು ಪೂರ್ತಿ ಕೇಳುತ್ತೇನೆ, ನೀವು ಬೇಸರವಾದರೆ ಮುಂದಕ್ಕೆ ಓಡಿಸಿ, ತಪ್ಪೇನಿಲ್ಲ.

2009ರಲ್ಲಿ ಇಂಗ್ಲಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ ಆವೃತ್ತಿ ಬಂತು. ಅದರಲ್ಲಿ ಒಂದೊಂದು ಎಳೆಯೂ ಬಿಡಿಯಾಗಿ ಕೇಳಿಸುತ್ತದೆ. ಮೊದಲ ಸಲ ಕೇಳುವವರಿಗೆ ನಾನು ಅದನ್ನೇ ಕೊಡುತ್ತೇನೆ.

ಅದೇ ತಂಡದ 1970ರ 'ಇನ್ ದ ವೇಕ್ ಆಫ್ ಪೊಸೈಡನ್'ಗೆ ಅಷ್ಟು ಅವಸರ ಬೇಡ. ಮೆಕ್‌ಡೊನಾಲ್ಡ್ ಹೊರಟುಹೋಗಿದ್ದರು, ರಾಬರ್ಟ್ ಫ್ರಿಪ್ ಗಿಟಾರ್ ಜೊತೆಗೆ ಮೆಲೊಟ್ರಾನನ್ನೂ ನುಡಿಸಿದರು. ಹೆಸರಿನ ಹಾಡು ಚೆನ್ನಾಗಿದೆ, ಆದರೆ 'ಎಪಿಟಾಫ್'ನ ನೆರಳು ಅದರ ಮೇಲೆ ದಟ್ಟವಾಗಿ ಬಿದ್ದಿದೆ. 'ದ ಡೆವಿಲ್ಸ್ ಟ್ರಯಾಂಗಲ್'ನಲ್ಲಿ ಮೆಲೊಟ್ರಾನ್ ನಿಲ್ಲುವುದೇ ಇಲ್ಲ. ಹೆದರಿಸುತ್ತದೆ ನಿಜ, ಆದರೆ ಹೆದರಿಕೆಗೂ ಒಂದು ಬಿಡುವು ಬೇಕು.

ಸ್ವಲ್ಪ ಹಿಂದಕ್ಕೆ ಹೋದರೆ ಮೂಡಿ ಬ್ಲೂಸ್. ಇವರನ್ನು ಪ್ರೋಗ್ ಅನ್ನಬೇಕೋ ಬೇಡವೋ ಅಂತ ವಾದ ಮಾಡುವವರಿದ್ದಾರೆ. ನನಗೆ ಆ ವಾದ ಬೇಡ, ಮೈಕ್ ಪಿಂಡರ್ ಸಾಕು. ಅವರು ತಂಡ ಸೇರುವ ಮೊದಲು ಮೆಲೊಟ್ರಾನ್ ತಯಾರಾಗುವ ಕಾರ್ಖಾನೆಯಲ್ಲೇ ಸುಮಾರು ಒಂದೂವರೆ ವರ್ಷ ಕೆಲಸ ಮಾಡಿದ್ದರು. ಅದರ ಹೊಟ್ಟೆಯೊಳಗೆ ಏನಿದೆ ಅಂತ ಬಿಚ್ಚಿ ನೋಡಿದ ಮನುಷ್ಯ. ಎಡಗಡೆಯ ತಾಳದ ಟೇಪುಗಳನ್ನು ತೆಗೆದು, ಅಲ್ಲೂ ರಾಗದ ಸ್ವರಗಳನ್ನೇ ತುಂಬಿಸಿ, ವಾದ್ಯವನ್ನು ತಮಗೆ ಬೇಕಾದಂತೆ ಮಾಡಿಕೊಂಡರು. 1967ರ 'ಡೇಸ್ ಆಫ್ ಫ್ಯೂಚರ್ ಪಾಸ್ಡ್'ನಲ್ಲಿ ನಿಜವಾದ ವಾದ್ಯವೃಂದವೂ ಇದೆ, ಮೆಲೊಟ್ರಾನೂ ಇದೆ. ಎರಡನ್ನೂ ಒಂದೇ ಆಲ್ಬಮ್ಮಿನಲ್ಲಿ ಕೇಳುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ವಾದ್ಯವೃಂದದ ಭಾಗಗಳು ಇವತ್ತು ಸ್ವಲ್ಪ ಹಳೆಯ ಸಿನಿಮಾ ಸಂಗೀತದಂತೆ ಕೇಳಿಸುತ್ತವೆ. ಪಿಂಡರ್ ಅವರ ಮೆಲೊಟ್ರಾನ್ ಬಂದಾಗ ಮಾತ್ರ ಮೈ ಜುಮ್ಮೆನ್ನುತ್ತದೆ. ಅವರು 2024ರಲ್ಲಿ ತೀರಿಕೊಂಡರು. ಆ ವಾರ ಈ ಆಲ್ಬಮ್ ಬಿಟ್ಟು ನಾನು ಬೇರೇನೂ ಹಾಕಲಿಲ್ಲ.

ಇನ್ನು ಜೆನೆಸಿಸ್ ತಂಡದ 'ಫಾಕ್ಸ್‌ಟ್ರಾಟ್', 1972. ಇದರ ಮೊದಲ ಒಂದೂವರೆ ನಿಮಿಷಕ್ಕಾಗಿಯೇ ಆಲ್ಬಮ್ ಕೊಳ್ಳಬಹುದು. 'ವಾಚರ್ ಆಫ್ ದ ಸ್ಕೈಸ್' ಶುರುವಾಗುವುದು ಟೋನಿ ಬ್ಯಾಂಕ್ಸ್ ಒಬ್ಬರೇ ಮೆಲೊಟ್ರಾನ್ ಮೇಲೆ ಒತ್ತುವ ದೊಡ್ಡ ದೊಡ್ಡ ಕಾರ್ಡ್‌ಗಳಿಂದ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛಗಳಿಂದ. ತಾಳವಿಲ್ಲ, ಹಾಡಿಲ್ಲ. ಪ್ರತಿ ಕಾರ್ಡ್ ಬಂದು ನಿಲ್ಲುತ್ತದೆ, ಮುಂದಿನದು ಯಾವ ಕಡೆ ತಿರುಗುತ್ತದೆ ಅಂತ ಗೊತ್ತಾಗುವುದಿಲ್ಲ. ಬೇರೆ ಯಾವ ಕೀಬೋರ್ಡ್ ಮೇಲೆ ಇದೇ ಸ್ವರಗಳನ್ನು ನುಡಿಸಿದರೂ ಸಪ್ಪೆ. ನಾನು ಪಿಯಾನೊ ಮೇಲೆ ಪ್ರಯತ್ನ ಮಾಡಿ ನೋಡಿದ್ದೇನೆ, ಸ್ವರ ಅದೇ, ಆ ಭಾರ ಇಲ್ಲ. ಶ್ರುತಿಯ ಸಣ್ಣ ನಡುಕ ಸೇರಿದಾಗ ಮಾತ್ರ ಆಕಾಶ ನಿಜವಾಗಿ ದೊಡ್ಡದಾಗುತ್ತದೆ. ಮೆಲ್ಲಗೆ ದೂರದಿಂದ ಬಾಸ್, ಡ್ರಮ್ ಸೇರಿ ಆ ಕುಂಟುವ ತಾಳ ಹತ್ತಿರ ಬರುವಾಗ ಮೆಲೊಟ್ರಾನ್ ಬಿಟ್ಟುಕೊಡುತ್ತದೆ ನೋಡಿ, ಆ ಕೈ ಬದಲಾಯಿಸುವ ಜಾಗವನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿ ಕೇಳಿದ್ದೇನೋ ಲೆಕ್ಕವಿಲ್ಲ. ಮರುವರ್ಷದ 'ಸೆಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್'ನ ಮೊದಲ ಹಾಡಿನಲ್ಲಿ ಮೆಲೊಟ್ರಾನಿನ ಕೋರಸ್ ದನಿಗಳನ್ನೂ ಕೇಳಿ. ಟೇಪಿನಲ್ಲಿರುವ ಆ ಗಂಡಸರು, ಹೆಂಗಸರು ಎಂದೋ ಒಂದು ದಿನ ಸ್ಟುಡಿಯೊದಲ್ಲಿ ನಿಂತು ಒಂದೊಂದೇ ಸ್ವರ ಹಾಡಿ ಹೋದವರು. ಅವರ ಉಸಿರು ಎಷ್ಟು ಹಾಡುಗಳಲ್ಲಿ ಸೇರಿಕೊಂಡಿದೆ ಅಂತ ಯೋಚಿಸಿದರೆ ಗಂಟಲು ಕಟ್ಟುತ್ತದೆ.

ಯೆಸ್ ತಂಡದ 'ಕ್ಲೋಸ್ ಟು ದ ಎಡ್ಜ್' ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. 'ಆಂಡ್ ಯು ಆಂಡ್ ಐ' ಹಾಡಿನ ನಡುವೆ, ಸ್ಟೀವ್ ಹೌ ಅವರ ಸ್ಟೀಲ್ ಗಿಟಾರ್ ಕೆಳಗೆ ರಿಕ್ ವೇಕ್‌ಮನ್ ಮೆಲೊಟ್ರಾನ್ ಹರಡುವ ಜಾಗ ಒಂದು ಕೇಳಿ. ಅಷ್ಟು ಹೊತ್ತು ಮರದ ಗಿಟಾರ್ ಮೇಲೆ ನಡೆದ ಹಾಡು ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ.

ಹೆಚ್ಚು ಜನ ಕೇಳದ ಒಂದನ್ನು ಹೇಳಬೇಕು. ಸ್ಪ್ರಿಂಗ್ ಅನ್ನುವ ಇಂಗ್ಲಿಷ್ ತಂಡ, 1971ರಲ್ಲಿ ಬಂದ ಅದೇ ಹೆಸರಿನ ಆಲ್ಬಮ್. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ ರೆಕಾರ್ಡ್ ಆದದ್ದು, ನಿರ್ಮಾಪಕರು ಗಸ್ ಡಜನ್. ತಂಡದಲ್ಲಿ ಮೂವರು ಮೆಲೊಟ್ರಾನ್ ನುಡಿಸುವವರು! ಮೂವರು! ಇದು ತಿಳಿದಾಗ ನಾನು ಕುಣಿದಾಡುವುದೊಂದು ಬಾಕಿ. ಬಿಚ್ಚಿದರೆ ಉದ್ದಕ್ಕೆ ತೆರೆದುಕೊಳ್ಳುವ ಹೊದಿಕೆ, ಹೊಳೆಯ ದಡದಲ್ಲಿ ಬಿದ್ದ ಸೈನಿಕನ ಚಿತ್ರ, ಎಲ್ಲವೂ ಆಸೆ ಹುಟ್ಟಿಸುತ್ತದೆ. ಹಾಡುಗಳು ಒಳ್ಳೆಯವು, ರಾಗಗಳು ಮೃದು. ಡ್ರಮ್ ನುಡಿಸಿದ ಪಿಕ್ ವಿದರ್ಸ್ ಮುಂದೆ ಡೈರ್ ಸ್ಟ್ರೇಟ್ಸ್ ತಂಡ ಸೇರಿದವರು, ಅವರ ಹದವಾದ ಕೈ ಇಲ್ಲೇ ಗೊತ್ತಾಗುತ್ತದೆ. ಆದರೆ ನಾಲ್ಕನೆಯ ಹಾಡಿನ ಹೊತ್ತಿಗೆ ನನ್ನ ಕಿವಿ ತುಂಬಿಹೋಯಿತು. ಯಾವ ಕಡೆ ತಿರುಗಿದರೂ ಅದೇ ಪಿಟೀಲು. ಒಂದೊಂದು ಹಾಡನ್ನು ಬಿಡಿಯಾಗಿ ಕೇಳಿದರೆ ಪ್ರೀತಿ ಬರುತ್ತದೆ, ಒಟ್ಟಿಗೆ ಕೇಳಿದರೆ ದಣಿವಾಗುತ್ತದೆ. ವಾದ್ಯ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು ಅನ್ನುವ ನನ್ನ ಹಳೆಯ ನಂಬಿಕೆ ಮುರಿದದ್ದು ಈ ಆಲ್ಬಮ್ಮಿನಿಂದಲೇ. ಆದರೂ ಇದು ನನ್ನ ಕಪಾಟಿನಿಂದ ಹೋಗುವುದಿಲ್ಲ.

ಕಪಾಟು ಅಂದಾಗ ನೆನಪಾಯಿತು. ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಳ್ಳುವವರಿಗೆ ಒಂದು ಮಾತು. ಒಬ್ಬ ಮಾರಾಟಗಾರರಿಂದ ನಾನು ಈ ಜಾತಿಯ ಒಂದು ಎಲ್‌ಪಿ ತರಿಸಿದ್ದೆ. ಸ್ವರಗಳು ಹಿಗ್ಗಿ ಕುಗ್ಗಿ ತೂಗಾಡುತ್ತಿದ್ದವು. ಮೆಲೊಟ್ರಾನ್ ಅಲ್ವಾ, ಹೀಗೇ ಇರಬೇಕು ಅಂತ ತಿಂಗಳುಗಟ್ಟಲೆ ಹಾಗೇ ಕೇಳಿದೆ. ಒಂದು ದಿನ ಬರೀ ಪಿಯಾನೊ ಇರುವ ಜಾಗದಲ್ಲೂ ಅದೇ ತೂಗಾಟ ಕೇಳಿ ಅನುಮಾನ ಬಂತು. ನೋಡಿದರೆ ತಟ್ಟೆಯ ನಡುವಿನ ತೂತು ಸರಿಯಾಗಿ ನಡುವೆ ಇರಲಿಲ್ಲ. ತಟ್ಟೆಯ ತಪ್ಪಾದರೆ ತೂಗಾಟ ಪ್ರತಿ ಸುತ್ತಿಗೂ ಒಂದೇ ಲೆಕ್ಕದಲ್ಲಿ ಬರುತ್ತದೆ, ಎಲ್ಲ ವಾದ್ಯಕ್ಕೂ ಬರುತ್ತದೆ. ಮೆಲೊಟ್ರಾನಿನ ನಡುಕ ಒಂದೊಂದು ಕೀಗೆ ಒಂದೊಂದು ತರಹ. ಇದನ್ನು ತಿಳಿದುಕೊಂಡು ತಟ್ಟೆ ಬಂದ ದಿನವೇ ಪರೀಕ್ಷಿಸಿ, ವಾಪಸ್ ಮಾಡುವ ಗಡುವು ಮುಗಿಯುವ ಮೊದಲು.

ಇಂಗ್ಲೆಂಡಿನಿಂದ ಹೊರಗೆ ಬಂದರೆ ಇಟಲಿಯ ಪ್ರೆಮಿಯಾಟಾ ಫೋರ್ನೇರಿಯಾ ಮಾರ್ಕೋನಿ, ಎಲ್ಲರೂ ಪಿಎಫ್ಎಂ ಅನ್ನುತ್ತಾರೆ. 1972ರ 'ಪೆರ್ ಉನ್ ಅಮಿಕೊ'. ಹೆಸರಿನ ಅರ್ಥ 'ಒಬ್ಬ ಗೆಳೆಯನಿಗಾಗಿ'. ಐದೇ ಹಾಡು. ಇವರ ತಂಡದಲ್ಲಿ ನಿಜವಾದ ಪಿಟೀಲು, ನಿಜವಾದ ಕೊಳಲು ಎರಡೂ ಇವೆ, ಆದ್ದರಿಂದ ಮೆಲೊಟ್ರಾನ್ ಅವುಗಳ ಬದಲಿಗೆ ಬರುವ ಅಗತ್ಯವೇ ಇಲ್ಲ. ಫ್ಲಾವಿಯೊ ಪ್ರೆಮೋಲಿ ಅದನ್ನು ಹಾಡು ತುದಿಗೆ ಏರಿದಾಗ ಮಾತ್ರ ತರುತ್ತಾರೆ. ಮೊದಲ ಹಾಡು ಅಂಗಳದಲ್ಲಿ ಕೂತು ನುಡಿಸಿದಂತೆ ಗಿಟಾರ್, ಕೊಳಲಿನಿಂದ ಸಣ್ಣಗೆ ಶುರುವಾಗುತ್ತದೆ. ಆಮೇಲೆ ಮೆಲೊಟ್ರಾನ್ ಏಳುವಾಗ ಬಾಗಿಲು ತೆರೆದು ಬೆಳಕು ನುಗ್ಗಿದಂತಾಗುತ್ತದೆ. ಇದೇ ಸಂಗೀತ ಮರುವರ್ಷ 'ಫೋಟೋಸ್ ಆಫ್ ಘೋಸ್ಟ್ಸ್' ಅನ್ನುವ ಹೆಸರಿನಲ್ಲಿ ಹೆಚ್ಚಾಗಿ ಇಂಗ್ಲಿಷ್ ಸಾಹಿತ್ಯದೊಂದಿಗೆ ಬಂತು. ಬರೆದವರು ಪೀಟ್ ಸಿನ್‌ಫೀಲ್ಡ್, ಕಿಂಗ್ ಕ್ರಿಮ್ಸನ್‌ಗೆ ಸಾಹಿತ್ಯ ಬರೆದವರೇ. ನನ್ನ ಮಾತು ಕೇಳಿ, ಇಟಾಲಿಯನ್‌ನಲ್ಲೇ ಕೇಳಿ. ಭಾಷೆ ಗೊತ್ತಿಲ್ಲದಿದ್ದರೂ ಆ ದನಿ ಆ ರಾಗಕ್ಕೆ ಹುಟ್ಟಿದ್ದು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸ ಸಿಂಥಸೈಜರ್‌ಗಳು ಬಂದು ಮೆಲೊಟ್ರಾನ್ ಮೂಲೆ ಸೇರಿತು. ಅದನ್ನು ಮತ್ತೆ ಧೂಳು ಕೊಡವಿ ಎತ್ತಿದವರಲ್ಲಿ ಸ್ವೀಡನ್ನಿನ ಹುಡುಗ ಹುಡುಗಿಯರು ಮುಖ್ಯ. ಎಂಗ್ಲಗೋರ್ಡ್ ತಂಡದ 'ಹೈಬ್ರಿಸ್' 1992ರದ್ದು. ನಾಲ್ಕೇ ದೊಡ್ಡ ಹಾಡು, ಹಾಡಿಕೆ ಕಡಿಮೆ, ಇರುವುದೂ ಸ್ವೀಡಿಷ್‌ನಲ್ಲಿ. ಆನಾ ಹೋಲ್ಮ್‌ಗ್ರೆನ್ ಅವರ ಕೊಳಲು ಒಂಟಿಯಾಗಿ ನಡೆಯುವಾಗ ಹಿಂದಿನಿಂದ ಮೆಲೊಟ್ರಾನ್ ಮಂಜಿನಂತೆ ಏಳುತ್ತದೆ, ಕೂಡಲೇ ಡ್ರಮ್ ಬಂದು ಅದನ್ನು ಚದುರಿಸುತ್ತದೆ, ಮತ್ತೆ ನಿಶ್ಶಬ್ದ. ಗದ್ದಲ, ಮೌನ ಎರಡರ ನಡುವಿನ ಈ ಓಡಾಟ ಮೊದಲೆರಡು ಸಲ ಕೇಳುವಾಗ ಸುಸ್ತು ಮಾಡಬಹುದು. ದಯವಿಟ್ಟು ಮೂರನೆಯ ಸಲವೂ ಕೇಳಿ. ನನಗೆ ಹಿಡಿಸಿದ್ದು ಆಗಲೇ. ಇದೇ ದೇಶದ ಅನೆಕ್ಡೋಟೆನ್ ತಂಡದ 'ವೆಮೂದ್' 1993ರಲ್ಲಿ ಬಂತು, ಅದು ಇನ್ನೂ ಭಾರ, ಇನ್ನೂ ಕತ್ತಲು. ಚೆಲ್ಲೊ, ಮೆಲೊಟ್ರಾನ್ ಎರಡೂ ಒಂದೇ ಹಾಡಿನಲ್ಲಿ ಅಳುವುದನ್ನು ಕೇಳಬೇಕಾದರೆ ಅಲ್ಲಿಗೆ ಹೋಗಿ.

ಹೊಸಬರಿಗೆ ಎಲ್ಲಕ್ಕಿಂತ ಸುಲಭದ ಬಾಗಿಲು ಓಪೆತ್‌ನ 'ಡ್ಯಾಮ್ನೇಶನ್', 2003. ಇವರೂ ಸ್ವೀಡನ್ನಿನವರೇ. ಗರ್ಜಿಸಿ ಹಾಡುವ ಮೆಟಲ್ ತಂಡ ಅಂತ ಹೆದರಬೇಡಿ, ಈ ಆಲ್ಬಮ್ಮಿನಲ್ಲಿ ಗರ್ಜನೆ ಒಂದೂ ಇಲ್ಲ. ಮೆಲೊಟ್ರಾನ್ ಸ್ಟೀವನ್ ವಿಲ್ಸನ್ ಅವರದು. ಹಾಡುಗಳು ಸಣ್ಣವು, ರಾಗಗಳು ಮೊದಲ ಸಲವೇ ಮನಸ್ಸಿಗೆ ಅಂಟುತ್ತವೆ. ಎಲ್ಲ ಹಾಡೂ ಒಂದೇ ಬಣ್ಣದ್ದು ಅನ್ನುವುದೊಂದೇ ನನ್ನ ತಕರಾರು. ಮಳೆ ಬರುವ ರಾತ್ರಿ ಆ ತಕರಾರೂ ಉಳಿಯುವುದಿಲ್ಲ.

ಕೊನೆಗಿಟ್ಟುಕೊಂಡದ್ದು ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಮತ್ತೆ ಕಿಂಗ್ ಕ್ರಿಮ್ಸನ್, 1974ರ 'ರೆಡ್'. ಈ ಹೊತ್ತಿಗೆ ತಂಡದಲ್ಲಿ ಉಳಿದವರು ಮೂವರೇ: ಫ್ರಿಪ್, ಜಾನ್ ವೆಟನ್, ಬಿಲ್ ಬ್ರೂಫರ್ಡ್. ಆಲ್ಬಮ್ ಅಂಗಡಿಗೆ ಬರುವಷ್ಟರಲ್ಲಿ ಫ್ರಿಪ್ ತಂಡವನ್ನೇ ಮುಗಿಸಿಬಿಟ್ಟಿದ್ದರು. ಹೆಸರಿನ ಹಾಡು ಕಬ್ಬಿಣ ಬಡಿದಂತೆ ಗಡುಸು. ಇಡೀ ಆಲ್ಬಮ್ ಹೆಚ್ಚು ಕಡಿಮೆ ಹಾಗೇ ಸಾಗಿ, ಕೊನೆಯ ಹಾಡಾದ 'ಸ್ಟಾರ್‌ಲೆಸ್'ನ ಮೊದಲ ಸೆಕೆಂಡಿನಲ್ಲಿ ಮೆಲೊಟ್ರಾನ್ ಪಿಟೀಲುಗಳು ಬಂದಾಗ ಏನಾಗುತ್ತದೆ ಅಂದರೆ, ಅಷ್ಟು ಹೊತ್ತು ಬಿಗಿ ಹಿಡಿದಿದ್ದ ಉಸಿರನ್ನು ನೀವು ಬಿಡುತ್ತೀರಿ. ಅದರ ಮೇಲೆ ಫ್ರಿಪ್ ಗಿಟಾರಿನಲ್ಲಿ ಒಂದು ರಾಗ ನುಡಿಸುತ್ತಾರೆ. ಸರಳವಾದ ರಾಗ, ನೆನಪಿಟ್ಟುಕೊಳ್ಳಿ. ವೆಟನ್ ಹಾಡುತ್ತಾರೆ. ಆಮೇಲೆ ಮೆಲೊಟ್ರಾನ್ ಹೋಗುತ್ತದೆ. ಬಾಸ್ ಒಂದು ಓರೆಯಾದ ತಾಳ ಹಿಡಿಯುತ್ತದೆ, ಗಿಟಾರ್ ಒಂದೇ ಸ್ವರವನ್ನು ಕುಟ್ಟುತ್ತಾ ಕುಟ್ಟುತ್ತಾ ನಿಮಿಷಗಟ್ಟಲೆ ಮೇಲೆ ಹತ್ತುತ್ತದೆ, ಇನ್ನು ತಡೆಯಲಾರೆ ಅನ್ನಿಸುವವರೆಗೂ ಹತ್ತಿ, ಕಡೆಗೆ ಎಲ್ಲವೂ ಒಡೆದು ಓಡಲು ಶುರುಮಾಡುತ್ತದೆ.

ಆ ಓಟದ ತುದಿಯಲ್ಲಿ ಮೊದಲಿನ ರಾಗ ವಾಪಸ್ ಬರುತ್ತದೆ. ಈ ಸಲ ಅದನ್ನು ಸ್ಯಾಕ್ಸೊಫೋನ್ ಎತ್ತಿಕೊಂಡಿದೆ, ಕೆಳಗೆ ಮೆಲೊಟ್ರಾನ್ ಹರಡಿದೆ. ಈ ಹಾಡಿಗೆ ಅತಿಥಿಯಾಗಿ ಬಂದು ಸ್ಯಾಕ್ಸೊಫೋನ್ ನುಡಿಸಿದವರಲ್ಲಿ ಮೆಲ್ ಕಾಲಿನ್ಸ್ ಒಬ್ಬರು. ಇನ್ನೊಬ್ಬರು ಇಯನ್ ಮೆಕ್‌ಡೊನಾಲ್ಡ್, 1969ರಲ್ಲಿ 'ಎಪಿಟಾಫ್'ನ ಮೆಲೊಟ್ರಾನ್ ಹಿಂದೆ ಕೂತಿದ್ದವರು.